ಮೇಸ್ತ್ರಿಯ ಕೈ

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಮೇಸ್ತ್ರಿಯ ಆನ್‌ಲೈನ್ ಕ್ಲಾಸು. ಒಂಬತ್ತೂವರೆಗೆ ಅವನ ಹೆಂಡತಿ ಮಗಳನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡು, ಅವಳ ಎಡಗೈ ಹೆಬ್ಬೆರಳಿನ ಉಗುರಿಗೆ ಕಪ್ಪು ಮಾರ್ಕರ್ ಪೆನ್ನು ಹಚ್ಚುತ್ತಿದ್ದಳು. ಬುಡದಿಂದ ಅರ್ಧದವರೆಗೆ, ಸ್ವಲ್ಪ ಓರೆಯಾಗಿ. ಮೇಸ್ತ್ರಿಯ ಹೆಬ್ಬೆರಳಿನ ಉಗುರು ಹಾಗೇ ಇತ್ತು. ಇಪ್ಪತ್ತು ವರ್ಷದ ಹಿಂದೆ ಮರದ ಕೊಡತಿಯ ಏಟು ಉಳಿಯ ಹಿಡಿಗೆ ಬೀಳುವ ಬದಲು ಬೆರಳಿಗೆ ಬಿದ್ದು ಕಪ್ಪಾಗಿದ್ದು, ಮತ್ತೆ ಬೆಳ್ಳಗಾಗಲೇ ಇಲ್ಲ.

"ಅಲುಗಾಡ್ಬೇಡ್ವೇ," ಅಮ್ಮ ಗದರುತ್ತಿದ್ದಳು. "ನಿನ್ನ ಮದುವೇಲೂ ಇಷ್ಟು ಹೊತ್ತು ಕೂರಿಸಿ ಅಲಂಕಾರ ಮಾಡಿರ್ಲಿಲ್ಲ."

"ಆ ಮದುವೆಗಿಂತ ಈ ಬಣ್ಣಾನೇ ಜಾಸ್ತಿ ದಿನ ಬಾಳಿಕೆ ಬರುತ್ತೆ ಬಿಡು," ಅಂತ ಮಗಳು ನಗುತ್ತಿದ್ದಳು.

ಇಷ್ಟೆಲ್ಲ ಯಾಕೆ ಅಂದರೆ, ಕ್ಲಾಸಿನಲ್ಲಿ ಮಾತು ಅಪ್ಪನದು, ಕೈ ಮಗಳದು. ಕಲಿಯುತ್ತಿದ್ದ ನಲವತ್ತೊಂದು ಜನರಿಗೆ ಅದು ಗೊತ್ತಿರಲಿಲ್ಲ. ಹತ್ತು ಗಂಟೆಗೆ ಅಮ್ಮ ಫೋನನ್ನು ಅಪ್ಪನ ಮುಖಕ್ಕೆ ಹಿಡಿಯುತ್ತಿದ್ದಳು. ಅಪ್ಪ ನಮಸ್ಕಾರ ಹೇಳಿ, ಹೋದ ವಾರ ಯಾರು ಎಲ್ಲಿ ಎಡವಿದರು ಅಂತ ಒಬ್ಬೊಬ್ಬರನ್ನೇ ಹಿಡಿದು ಕಾಲೆಳೆದು, "ಬನ್ನಿ, ಬೆಂಚಿಗೆ ಹೋಗೋಣ" ಅನ್ನುತ್ತಿದ್ದ. ಅಮ್ಮ ಫೋನನ್ನು ಬೆಂಚಿನ ಮೇಲೆ ಚಾಚಿಕೊಂಡಿದ್ದ ಕಬ್ಬಿಣದ ತೋಳಿಗೆ ಸಿಕ್ಕಿಸುವಷ್ಟರಲ್ಲಿ ಅಪ್ಪ ಸ್ಟೂಲಿನ ಸಮೇತ ಪಕ್ಕಕ್ಕೆ ಸರಿದಿರುತ್ತಿದ್ದ. ಅವನಂಥದೇ ನೀಲಿ ಚೌಕಳಿಯ ತುಂಬುತೋಳಿನ ಶರ್ಟು ತೊಟ್ಟ ಮಗಳು ಅವನ ಜಾಗದಲ್ಲಿ ನಿಂತಿರುತ್ತಿದ್ದಳು. ಫೋನಿಗೆ ಕಾಣುತ್ತಿದ್ದುದು ಬೆಂಚು, ಮರ ಮತ್ತು ಮುಂಗೈವರೆಗಿನ ಎರಡು ಕೈ. ಒಂದೇ ಬಟ್ಟೆಯಲ್ಲಿ ಎರಡು ಶರ್ಟು ಹೊಲಿಸಿದ್ದು ಅಮ್ಮನ ಬುದ್ಧಿ. ಜಾದೂಗಾರರು ಟೋಪಿಯಿಂದ ಮೊಲ ತೆಗೆಯುವುದಕ್ಕೂ ಇಷ್ಟು ತಯಾರಿ ಮಾಡಿಕೊಳ್ಳುವುದಿಲ್ಲ.

ಇದು ಶುರುವಾಗಿ ಎರಡು ವರ್ಷವಾಗಿತ್ತು. ಮರಗೆಲಸದಲ್ಲಿ ಎತ್ತಿದ ಕೈ ಅನ್ನಿಸಿಕೊಂಡವನಿಗೆ ಅವನ ಕೈಯೇ ಕೈಕೊಟ್ಟಿತು. ಒಂದು ಭಾನುವಾರ ಕ್ಲಾಸಿನ ನಡುವೆ ಗರಗಸ ಗೆರೆ ಬಿಟ್ಟು ಹಾರಿ, ಒಳ್ಳೆಯ ಮರದ ಮೇಲೆ ಅಡ್ಡಕ್ಕೆ ಗಾಯ ಮಾಡಿತು. ಅಪ್ಪ ಒಂದು ಕ್ಷಣವೂ ತಡವರಿಸದೆ, "ಹೀಗೆ ಮಾಡಬಾರದು ಅಂತ ತೋರಿಸೋಕೆ ಬೇಕಂತಲೇ ಮಾಡಿದೆ" ಅಂದ. ಎಲ್ಲರೂ ತಲೆದೂಗಿದರು. ಮುಂದಿನ ವಾರವೂ ಹೀಗೆ ಮಾಡಬಾರದು ಅಂತ ತೋರಿಸಿದ. ಅದರ ಮುಂದಿನ ವಾರ ಮೂರು ಸಲ ತೋರಿಸಿದ. ಆಗ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಪಾಪ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಕೇಳಿಬಿಟ್ಟರು: "ಮೇಸ್ತ್ರಿಗಳೇ, ಹೇಗೆ ಮಾಡಬೇಕು ಅನ್ನೋದನ್ನೂ ಒಂದ್ಸಲ ತೋರಿಸ್ತೀರಾ?"

ಅವತ್ತು ಕ್ಲಾಸು ಮುಗಿದ ಮೇಲೆ ಅಪ್ಪ ಎರಡೂ ಕೈಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದುಕೊಂಡು ಹೊಟ್ಟಿನ ಚೀಲದ ಮೇಲೆ ಕೂತುಬಿಟ್ಟ. ಡಾಕ್ಟರು ಒಗಟು ಮಾಡದೆ ಹೇಳಿದರು. ಈಗ ಕೈ ನಡುಗುತ್ತದೆ, ಇನ್ನೂ ನಡುಗುತ್ತದೆ. ನಿಧಾನವಾಗಿ ಮರೆವೂ ಅದರ ಜೊತೆ ಬರುತ್ತದೆ. ಮಾತ್ರೆ ಅದನ್ನು ತಡಮಾಡಿಸುತ್ತದೆ, ತಡೆಯುವುದಿಲ್ಲ. ಅಪ್ಪ ಎಲ್ಲ ಕೇಳಿಸಿಕೊಂಡು, ಡಾಕ್ಟರ ಮೇಜನ್ನು ಒಮ್ಮೆ ಅಲ್ಲಾಡಿಸಿ ನೋಡಿ, "ಇದರ ಕಚ್ಚು ಸಡಿಲ ಆಗಿದೆ, ಕಳಿಸಿಕೊಡಿ, ಸರಿ ಮಾಡಿಕೊಡ್ತೀನಿ" ಅಂದ. ಮನೆಗೆ ಬಂದು, ಇನ್ನು ಕ್ಲಾಸು ಬೇಡ ಅಂದ.

ಕ್ಲಾಸು ಬಿಟ್ಟರೆ ಅಪ್ಪನಿಗೆ ಏನುಳಿಯಿತು ಅನ್ನುವುದು ಮಗಳಿಗೆ ಚೆನ್ನಾಗಿ ಗೊತ್ತಿತ್ತು. ಹೊಟ್ಟಿನ ಹಲಗೆಯ ಕಪಾಟು, ಸ್ಕ್ರೂ ತಿರುಗಿಸಿ ನಿಲ್ಲಿಸುವ ಮಂಚ ಬಂದ ಮೇಲೆ ಅಂಗಡಿಗೆ ಬರುತ್ತಿದ್ದವರು ಹಳೇ ಕುರ್ಚಿಯ ಕಾಲು ಕೂರಿಸಿಕೊಳ್ಳಲು ಬರುವವರು ಮಾತ್ರ. ಮೇಸ್ತ್ರಿಗಳೇ ಅಂತ ಬಾಯಿತುಂಬ ಕರೆಯುವವರು ಆ ಪರದೆಯ ಚಿಕ್ಕ ಚಿಕ್ಕ ಚೌಕಗಳಲ್ಲಿದ್ದರು. ಅವರನ್ನೂ ಕಳೆದುಕೊಂಡರೆ ಈ ಮನುಷ್ಯ ಆರು ತಿಂಗಳೂ ಬಾಳುವುದಿಲ್ಲ ಅಂತ ಅವಳಿಗೆ ಭಯವಾಯಿತು. "ನೀನು ಮಾತಾಡಪ್ಪ, ನಾನು ಮಾಡ್ತೀನಿ" ಅಂದಳು.

ಅಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನಿನ್ನ ಕೈಲಿ?" ಅಂದ.

ಆ ಎರಡು ಪದ ಅವಳಿಗೆ ಹೊಸದೇನಲ್ಲ. ಮೂವತ್ತರ ವಯಸ್ಸಿಗೆ ಒಂದು ಸೂಟ್‌ಕೇಸು ಹಿಡಿದು ಗಂಡನ ಮನೆಯಿಂದ ವಾಪಸು ಬಂದಾಗ ಅಪ್ಪ ಯಾಕೆ, ಏನು ಅಂತ ಒಂದು ಮಾತೂ ಕೇಳಿರಲಿಲ್ಲ. ಅದು ಅವನ ದೊಡ್ಡತನ. ಮಾರನೆಯ ಬೆಳಗ್ಗೆ ಅವಳ ಕೈಗೆ ಒಂದು ಉಪ್ಪುಕಾಗದದ ಹಾಳೆ ಕೊಟ್ಟು, "ಈ ಹಲಗೆ ಉಜ್ಜು" ಅಂದ. ನಾಲ್ಕು ವರ್ಷ ಅವಳು ಉಜ್ಜಿದ್ದೇ ಉಜ್ಜಿದ್ದು. ಅದು ಅವನ ಸಣ್ಣತನ. ಉಜ್ಜುತ್ತಲೇ ಅವಳು ಕಣ್ಣಿನಿಂದ ಎಲ್ಲ ಕದ್ದಳು: ಹಲಗೆ ಹೆರೆಯುವ ಕೀಸುಳಿಯ ಅಲಗನ್ನು ಎಷ್ಟು ಹೊರಗೆ ಬಿಡುತ್ತಾನೆ, ಗರಗಸ ಹಿಡಿದಾಗ ತೋರುಬೆರಳನ್ನು ಎಲ್ಲಿಡುತ್ತಾನೆ, ಉಳಿಯನ್ನು ಯಾವಾಗ ತಿರುವಿ ಹಿಡಿಯುತ್ತಾನೆ. ಐದನೆಯ ವರ್ಷ ತುಂಡು ಮರದಲ್ಲಿ ತಾನೇ ಒಂದು ಕಚ್ಚು ಮಾಡಿ ಅವನ ಮುಂದಿಟ್ಟಳು.

ಅವರ ಅಂಗಡಿಯಲ್ಲಿ ಒಂದು ಮರದ ತುದಿಯಲ್ಲಿ ಕೊರೆದು ಬಿಡುವ ಚಾಚಿಗೆ ನಾಲಿಗೆ ಅಂತ ಕರೆಯುತ್ತಿದ್ದರು, ಅದು ಹೋಗಿ ಕೂರುವ ತೂತಿಗೆ ಬಾಯಿ, ಎರಡೂ ಸೇರಿದರೆ ಕಚ್ಚು. "ನಾಲಿಗೆ ದಪ್ಪ ಆದರೆ ಬಾಯಿ ಸೀಳುತ್ತೆ, ತೆಳ್ಳಗಾದರೆ ಕುರ್ಚಿ ಜೀವನಪೂರ್ತಿ ಕಿರಿಕಿರಿ ಅನ್ನುತ್ತೆ, ಮನೆಗಳಲ್ಲಿ ಇರೋ ಹಾಗೇ" ಅಂತ ಅಪ್ಪ ಪ್ರತಿ ಹೊಸ ಕ್ಲಾಸಿನಲ್ಲೂ ಹೇಳಿ ನಗಿಸುತ್ತಿದ್ದ. ಅವಳ ಕಚ್ಚನ್ನು ನೋಡಿದಾಗ ನಗಲಿಲ್ಲ. ಜೇಬಿನಿಂದ ಹಳೇ ಪೇಪರಿನ ಚೂರು ತೆಗೆದು ಎರಡು ಮರಗಳ ಸಂದಿಗೆ ತುರುಕಿ ನೋಡಿದ. "ಕಾಗದ ಹೋಗುತ್ತೆ" ಅಂದು ವಾಪಸು ಕೊಟ್ಟ. ಆಮೇಲೆ ನಾಲ್ಕು ವರ್ಷ ಅದೇ ಮಾತು. ಕಾಗದ ಹೋಗದಂತೆ ಬಿಗಿಯಾಗಿ ಕೂರಿಸುವುದನ್ನು ಅವಳು ಕಲಿತ ಮೇಲೆ ಅಪ್ಪ ಕಾಗದ ಹಾಕಿ ನೋಡುವುದನ್ನೇ ಬಿಟ್ಟ. ನೋಡಿದರೆ ತಾನೇ ಹೇಳಬೇಕಾಗುವುದು! ಅತ್ತ ಪರದೆಯಲ್ಲಿ ಬ್ಯಾಂಕಿನವರು ಬಿದ್ದ ಹಲ್ಲಿನ ಸಾಲಿನಂಥ ಒಂದು ಡ್ರಾಯರು ತೋರಿಸಿದರೆ, "ಭೇಷ್ ಸರ್, ಕೈ ಪಳಗ್ತಾ ಇದೆ" ಅನ್ನುತ್ತಿದ್ದ. ಆ ಭೇಷ್ ಕೇಳಿದಾಗಲೆಲ್ಲ ಮಗಳು ಕೈಲಿದ್ದ ಹಲಗೆಯನ್ನು ಇನ್ನಷ್ಟು ಜೋರಾಗಿ ಉಜ್ಜುತ್ತಿದ್ದಳು. ನಲವತ್ತು ವರ್ಷದ ಹೆಂಗಸು ಅಪ್ಪನ ಒಂದು ಭೇಷ್‌ಗಾಗಿ ಬಾಯಿಬಿಡುವುದು ನಾಚಿಕೆಗೇಡು ಅಂತ ತನಗೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡರೆ ಆಸೆ ಹೋಗುತ್ತದೆಯೇ? ಇವತ್ತಲ್ಲ ನಾಳೆ ಹೇಳುತ್ತಾನೆ ಅಂತ ಕಾಯುತ್ತಲೇ ಇದ್ದಳು. ಈಗ ಡಾಕ್ಟರು ಆ ನಾಳೆಗೆ ಒಂದು ಗಡಿ ಹಾಕಿಬಿಟ್ಟಿದ್ದರು.

ಬೇರೆ ದಾರಿಯಿಲ್ಲದೆ ಅಪ್ಪ ಒಪ್ಪಿದ. ಕ್ಲಾಸು ನಡೆಯಿತು. ನಡೆಯಿತು ಏನು, ಮೊದಲಿಗಿಂತ ಚೆನ್ನಾಗಿ ನಡೆಯಿತು. "ಮೇಸ್ತ್ರಿಗಳೇ, ಈ ನಡುವೆ ನಿಮ್ಮ ಕೈಗೆ ವಯಸ್ಸು ಹಿಂದಕ್ಕೆ ಹೋದ ಹಾಗಿದೆ" ಅಂತ ಯಾರೋ ಬರೆದಾಗ ಅಮ್ಮ ಅದನ್ನು ಗಟ್ಟಿಯಾಗಿ ಓದಿದಳು. ಅಪ್ಪ ಕೇಳಿಸದವನಂತೆ ಬೆಂಚಿನ ಕೆಳಗೆ ಏನೋ ಹುಡುಕಿದ.

ಈ ಸಲ ಹನ್ನೆರಡು ವಾರದಲ್ಲಿ ಒಂದು ಕುರ್ಚಿ. ಮೊಳೆ ಇಲ್ಲ, ಸ್ಕ್ರೂ ಇಲ್ಲ, ಬರೀ ಕಚ್ಚುಗಳ ಮೇಲೆ ನಿಲ್ಲುವ ಕುರ್ಚಿ. ಅನಾಹುತ ಆದದ್ದು ಎಂಟನೆಯ ವಾರ.

ಮಗಳು ಕುರ್ಚಿಯ ಅಡ್ಡಪಟ್ಟಿಯನ್ನು ಮರ ಬಿಗಿದು ಹಿಡಿಯುವ ವೈಸಿನಲ್ಲಿ ನೆಟ್ಟಗೆ ನಿಲ್ಲಿಸಿ ನಾಲಿಗೆ ಕೊಯ್ಯುವುದಕ್ಕೆ ಸಿದ್ಧಳಾಗಿದ್ದಳು. ಎರಡು ಗೆರೆ, ಗೆರೆಗಳ ನಡುವಿನದು ಉಳಿಯುವ ಮರ, ಆಚೀಚಿನದು ಕೊಯ್ದು ಬಿಸಾಡುವ ಮರ. ಗರಗಸ ಯಾವಾಗಲೂ ಬಿಸಾಡುವ ಕಡೆಗೇ ಇಳಿಯಬೇಕು, ಗೆರೆ ಹಾಗೇ ಉಳಿಯಬೇಕು. ಇದು ಈ ಕಸುಬಿನ ಅ ಆ ಇ ಈ. ಅವಳು ಬಲಗಡೆಯ ಗೆರೆಯ ಬಲಕ್ಕೆ ಗರಗಸ ಇಟ್ಟಳು. ಅಪ್ಪ ಕಾಲರಿಗೆ ಸಿಕ್ಕಿಸಿದ್ದ ಮೈಕಿನಲ್ಲಿ ಹೇಳಿದ: "ಗರಗಸ ಗೆರೆಯ ಎಡಕ್ಕಿರಲಿ."

ಅವಳ ಕೈ ನಿಂತಿತು. ಎಡಕ್ಕೆ ಕೊಯ್ದರೆ ನಾಲಿಗೆ ಸವೆದು ಸಡಿಲವಾಗುತ್ತದೆ. ಅಪ್ಪ ತಪ್ಪು ಹೇಳಿದ್ದ. ಹುಟ್ಟಿದಾಗಿನಿಂದ ಅಪ್ಪ ಗರಗಸದ ವಿಷಯದಲ್ಲಿ ತಪ್ಪು ಹೇಳಿದ್ದನ್ನು ಅವಳು ಕೇಳಿರಲಿಲ್ಲ. ಬಾಯಿತಪ್ಪಿ ಬಂದಿರಬೇಕು, ತಿದ್ದಿಕೊಳ್ಳುತ್ತಾನೆ ಅಂತ ಗರಗಸವನ್ನು ಬಲಕ್ಕೇ ಇಟ್ಟುಕೊಂಡು ಕಾದಳು.

"ಆ ಕಡೆ ಅಲ್ಲ ಕಣೇ!" ಅಪ್ಪ ಸಿಡುಕಿದ. "ಎಡಕ್ಕೆ ಅಂದ್ನಲ್ಲ!"

ಕಣೇ. ನಲವತ್ತೊಂದು ಮನೆಗಳಲ್ಲಿ ಅದು ಕೇಳಿಸಿತು. ಗಂಡಸು ತನ್ನ ಕೈಗೆ ತಾನೇ ಕಣೇ ಅನ್ನುತ್ತಾನೆಯೇ? ಅಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮಗಳಿಗೆ ಮಾತ್ರ ಭಯದ ಜೊತೆಗೆ ಎಂಥದೋ ಖುಷಿ. ಸಿಕ್ಕಿಬಿದ್ದೆವು, ಈಗ ಹೇಳಲೇಬೇಕು. ಪರದೆಯ ಒಂದು ಚೌಕದಿಂದ, ಎಲ್ಲರೂ ನರ್ಸಮ್ಮ ಅನ್ನುತ್ತಿದ್ದ ನಿವೃತ್ತ ನರ್ಸು ಕೇಳಿದರು: "ಮೇಸ್ತ್ರಿಗಳೇ, ಕಣೇ ಅಂದಿದ್ದು ಯಾರಿಗೆ?"

ಅಪ್ಪ ಮಗಳ ಮುಖ ನೋಡಿದ. ಒಂದು, ಎರಡು, ಮೂರು ಅಂತ ಎಣಿಸುವಷ್ಟು ಹೊತ್ತು ನೋಡಿದ.

"ಗರಗಸಕ್ಕೆ ಅಂದೆ ನರ್ಸಮ್ಮ," ಅಂದ. "ನಮ್ಮನೇಲಿ ಗರಗಸ ಹೆಣ್ಣು. ಸ್ವಲ್ಪ ಸಲಿಗೆ ಕೊಟ್ಟರೆ ಹೇಳಿದ ಮಾತು ಕೇಳಲ್ಲ."

ಎಲ್ಲ ಚೌಕಗಳೂ ನಕ್ಕವು. ಮಗಳು ಏನೂ ಮಾಡಲಿಲ್ಲ. ಅಂದರೆ ಬೇರೆಯವರು ಮಾಡುವಂಥದ್ದೇನೂ ಮಾಡಲಿಲ್ಲ. ವೈಸು ಸಡಿಲಿಸಿ, ಅಡ್ಡಪಟ್ಟಿಯನ್ನು ಹೊರಗೆ ತೆಗೆದು, ಹಿಂದುಮುಂದಾಗಿ ತಿರುಗಿಸಿ ಮತ್ತೆ ಬಿಗಿದಳು. ಬಲಗಡೆಯಿದ್ದ ಗೆರೆ ಎಡಕ್ಕೆ ಬಂತು. ಅದರ ಬಿಸಾಡುವ ಮರವೂ ಎಡಕ್ಕೆ ಬಂತು. ಈಗ ಅಪ್ಪ ಹೇಳಿದ್ದು ಸರಿಯಾಯಿತು. ಗೆರೆಯ ಎಡಕ್ಕೆ ಗರಗಸ ಇಟ್ಟು, ಕೂದಲೆಳೆ ಆಚೀಚೆಯಾಗದಂತೆ ಕೊಯ್ದಳು. ಮರವನ್ನೇ ತಿರುಗಿಸಿ ಅಪ್ಪನ ಮಾನ ಉಳಿಸಿದ್ದು ಅಪ್ಪನಿಗೆ ಗೊತ್ತಾಯಿತು. ಅವನ ಮುಖ ಇಳಿದುಹೋಯಿತು. ಮುಂದಿನ ವಾರದಿಂದ ಕ್ಲಾಸಿನವರೆಲ್ಲ ತಮಾಷೆಗೆ ತಮ್ಮ ತಮ್ಮ ಗರಗಸವನ್ನು ಏನೇ, ಬಾರೇ ಅನ್ನತೊಡಗಿದರು.

ಅವತ್ತು ಕ್ಲಾಸು ಮುಗಿದದ್ದೇ ತಡ, ಅವಳು ಶರ್ಟು ಕಳಚಿ ಬೆಂಚಿನ ಮೇಲೆ ಒಗೆದಳು.

"ನಾನು ಗರಗಸಾನಾ ಅಪ್ಪ?"

"ಬಾಯಿಗೆ ಬಂದಿದ್ದು ಅಂದೆ. ಬಿಡು."

"ಮಗಳು ಅಂತ ಬಾಯಿಗೆ ಬರ್ಲಿಲ್ವಾ?"

ಅಪ್ಪ ಶರ್ಟನ್ನು ಎತ್ತಿ ಮಡಿಸಲು ನೋಡಿದ. ನಡುಗುವ ಕೈಗೆ ಮಡಿಕೆ ನಿಲ್ಲಲಿಲ್ಲ. "ಹೇಳಿದ್ರೆ ಏನಾಗುತ್ತೆ ಗೊತ್ತಾ? ನನ್ನ ಕೈ ಹೋಯ್ತು ಅಂತ ನಾನೇ ಡಂಗುರ ಸಾರಿದ ಹಾಗೆ."

"ನನಗೂ ಒಂದು ಕೈ ಇದೆ ಅಂತ ಸಾರಿದ ಹಾಗೂ ಆಗುತ್ತಲ್ಲಪ್ಪ." ಅವಳು ಶರ್ಟನ್ನು ಅವನ ಕೈಯಿಂದ ಕಿತ್ತುಕೊಂಡಳು. "ಒಂದ್ಸಲ ಹೇಳು. ಭೇಷ್ ಅಂತಲೂ ಬೇಡ. ಇದು ನನ್ನ ಮಗಳ ಕೈ, ಅಷ್ಟೇ. ಇಲ್ಲಾಂದ್ರೆ ಮುಂದಿನ ವಾರದಿಂದ ನಾನು ಬೆಂಚಿನ ಹತ್ರ ಬರಲ್ಲ."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಹೇಳಿದ: "ಕುರ್ಚಿ ಮುಗೀಲಿ. ಹನ್ನೆರಡನೇ ಕ್ಲಾಸಲ್ಲಿ ಕುರ್ಚಿ ಎದ್ದು ನಿಂತ ಮೇಲೆ ನಾನೇ ಹೇಳ್ತೀನಿ. ಮುಖ ತೋರಿಸಿಕೊಂಡೇ ಹೇಳ್ತೀನಿ."

ಅಪ್ಪ ಮಾತು ಕೊಟ್ಟು ತಪ್ಪಿದವನಲ್ಲ. ಅವಳು ಕಣ್ಣೊರೆಸಿಕೊಂಡು ಹೊಟ್ಟು ಗುಡಿಸಿದಳು.

ಒಂಬತ್ತನೆಯ ವಾರ ಇನ್ನೊಂದು ಎಡವಟ್ಟಾಯಿತು. ಅಮ್ಮ ಎದುರಿಗೆ ಕೂತು ಬಣ್ಣ ಹಚ್ಚುವಾಗ ಎಡಬಲ ಗೊಂದಲವಾಗಿ, ಬಲಗೈ ಹೆಬ್ಬೆರಳಿಗೆ ಕಪ್ಪು ಮಾಡಿದ್ದಳು. ಅರ್ಧ ಕ್ಲಾಸು ಮುಗಿಯುವವರೆಗೆ ಮೂವರಲ್ಲಿ ಒಬ್ಬರೂ ನೋಡಲಿಲ್ಲ. ನರ್ಸಮ್ಮ ನೋಡಿದರು. ಆದರೆ ಎಲ್ಲರೆದುರು ಆಡಿ ತೋರಿಸುವ ಹೆಂಗಸಲ್ಲ ಅವರು. ಮಧ್ಯಾಹ್ನ ಅಂಗಡಿಯ ನಂಬರಿಗೆ ಒಂದು ಮೆಸೇಜು ಬಂತು: "ಮೂವತ್ತಾರು ವರ್ಷ ಕೈ ಹಿಡಿದು ನಾಡಿ ನೋಡಿದೀನಿ. ಅದು ಗಂಡಸಿನ ಮಣಿಕಟ್ಟಲ್ಲ. ಕರಿ ಉಗುರು ಕೈ ಬದಲಾಯಿಸೋದನ್ನೂ ನಾನು ನೋಡಿಲ್ಲ. ಯಾರಮ್ಮ ನೀನು?"

ಮಗಳು ಅದನ್ನು ಹತ್ತು ಸಲ ಓದಿರಬಹುದು. ಯಾರಮ್ಮ ನೀನು ಅಂತ ಅವಳನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. "ಕೊನೇ ಕ್ಲಾಸಲ್ಲಿ ಗೊತ್ತಾಗುತ್ತೆ. ಅಪ್ಪನೇ ಹೇಳ್ತಾರೆ" ಅಂತ ಬರೆದಳು. ಬರೆದ ಮೇಲೆ, ಅಪ್ಪ ಅನ್ನುವ ಪದದಲ್ಲೇ ಅರ್ಧ ಹೇಳಿಬಿಟ್ಟೆನಲ್ಲ ಅಂತ ನಾಲಿಗೆ ಕಚ್ಚಿಕೊಂಡಳು.

ಇತ್ತ ಡಾಕ್ಟರು ಹೇಳಿದ ಎರಡನೆಯದು, ಮರೆವು, ಕದ ತಟ್ಟದೆಯೇ ಒಳಗೆ ಬಂದಿತ್ತು. ಹತ್ತನೆಯ ವಾರ ಅಪ್ಪ ಕಿರಿಕಿರಿ ಕುರ್ಚಿಯ ನಗೆಮಾತನ್ನು ಒಂದೇ ಕ್ಲಾಸಿನಲ್ಲಿ ಮೂರು ಸಲ ಹೇಳಿದ. ಮೂರನೆಯ ಸಲ ಯಾರೂ ನಗಲಿಲ್ಲ. ಬ್ಯಾಂಕಿನವರು ಮಾತ್ರ ಮರ್ಯಾದೆಗೆ ನಕ್ಕರು. ಹನ್ನೊಂದನೆಯ ವಾರ ಊಟಕ್ಕೆ ಕೂತಾಗ ಮಗಳನ್ನು, "ನಿನ್ನ ಗಂಡ ಕರ್ಕೊಂಡು ಹೋಗೋಕೆ ಯಾವಾಗ ಬರ್ತಾನೆ?" ಅಂತ ಕೇಳಿದ. ಅವಳು "ಬರ್ತಾರಪ್ಪ" ಅಂದು ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಆದರೂ ಕೊಟ್ಟ ಮಾತನ್ನು ಅವನು ಬಿಟ್ಟಿರಲಿಲ್ಲ. ಅಮ್ಮ ಗುಟ್ಟಾಗಿ ಬಂದು ಹೇಳಿದಳು: "ಬೆಳಗ್ಗೆ ಬಚ್ಚಲಲ್ಲಿ ನಿಂತು ಬಾಯಿಪಾಠ ಮಾಡ್ತಿದ್ರು ಕಣೇ. 'ಈ ಕುರ್ಚಿ ಮಾಡಿದ್ದು ನನ್ನ ಮಗಳು. ಎರಡು ವರ್ಷದಿಂದ ನೀವು ನೋಡ್ತಿರೋದು ಅವಳ ಕೈ.' ನಾಲ್ಕು ಸಲ ಹೇಳ್ಕೊಂಡ್ರು. ಐದನೇ ಸಲ ಅಳು ಬಂತು ಅಂತ ಕಾಣುತ್ತೆ, ನಲ್ಲಿ ಜೋರಾಗಿ ಬಿಟ್ರು."

ಮಗಳು ಅದನ್ನು ಕೇಳಿ ಅಂಗಡಿಗೆ ಹೋಗಿ, ಯಾರೂ ಇಲ್ಲದಾಗ, ಆಗಲೇ ನುಣುಪಾಗಿದ್ದ ಕುರ್ಚಿಯ ಬೆನ್ನುಪಟ್ಟಿಯನ್ನು ಮತ್ತೊಮ್ಮೆ ಉಜ್ಜಿದಳು. ಅವಳಿಗೆ ಸಂತೋಷವಾಗಿತ್ತು. ಎಷ್ಟು ಸಂತೋಷವಾಗಿತ್ತು ಅಂದರೆ ಉಪ್ಪುಕಾಗದ ಕೂಡ ಹಿತವಾಗಿತ್ತು.

ಹನ್ನೆರಡನೆಯ ಭಾನುವಾರ ಅಮ್ಮ ಬಣ್ಣ ಹಚ್ಚಲು ಬಂದಾಗ ಮಗಳು ಬೇಡ ಅಂದಳು. ಉಗುರು ಅದರ ಬಣ್ಣದಲ್ಲೇ ಇರಲಿ. ನಲವತ್ತೊಂದು ಜನರೂ ಬಂದಿದ್ದರು. ಕೆಲವರು ಮನೆಯವರನ್ನೂ ಕೂರಿಸಿಕೊಂಡಿದ್ದರು. ನರ್ಸಮ್ಮ ಬಾಚಿದ ತಲೆ, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಕೂತಿದ್ದರು. ಅಪ್ಪ ಚೆನ್ನಾಗಿ ಶುರುಮಾಡಿದ. ಮಗಳು ಕಾಲುಗಳನ್ನು ನಿಲ್ಲಿಸಿ, ಒಂದೊಂದೇ ನಾಲಿಗೆಯನ್ನು ಅದರದರ ಬಾಯಿಗೆ ಕೊಟ್ಟು ಕೊಡತಿಯಿಂದ ತಟ್ಟಿದಳು. ಸರಿಯಾಗಿ ಕೂತ ಕಚ್ಚಿನ ಸದ್ದೇ ಬೇರೆ. ಮೊದಲು ಟೊಳ್ಳಾಗಿ ಕೇಳಿಸುವುದು ಕೊನೆಯ ಏಟಿಗೆ ಗಟ್ಟಿಯಾಗಿ ನಿಲ್ಲುತ್ತದೆ. ಹದಿನಾಲ್ಕು ಕಚ್ಚೂ ಹಾಗೆ ನಿಂತವು. ಕುರ್ಚಿ ನೆಲಕ್ಕಿಳಿಯಿತು. ನಾಲ್ಕು ಕಾಲೂ ಒಟ್ಟಿಗೇ ನೆಲ ಮುಟ್ಟಿದವು.

ಅಮ್ಮ ಫೋನನ್ನು ಬಿಚ್ಚಿ ಅಪ್ಪನ ಮುಖಕ್ಕೆ ಹಿಡಿದಳು. ಮಗಳು ಈ ಸಲ ಪಕ್ಕಕ್ಕೆ ಸರಿಯಲಿಲ್ಲ. ಅಪ್ಪನಿಂದ ಎರಡು ಹೆಜ್ಜೆ ದೂರದಲ್ಲಿ, ಅವನು ಕೈಚಾಚಿದರೆ ಸಿಗುವಲ್ಲಿ ನಿಂತಳು.

"ಒಂದು ಮಾತು ಹೇಳಬೇಕು," ಅಪ್ಪ ಅಂದ.

ಚೌಕಗಳಲ್ಲಿದ್ದವರೆಲ್ಲ ಪರದೆಯ ಹತ್ತಿರ ಸರಿದರು.

"ಈ ಕುರ್ಚಿ..." ಅಂದ. ನಿಂತ. ತುಟಿ ಒದ್ದೆ ಮಾಡಿಕೊಂಡ. "ಈ ಕುರ್ಚಿ..."

ಅಮ್ಮ ಫೋನಿನ ಹಿಂದಿನಿಂದ ಸದ್ದಿಲ್ಲದೆ ಬಾಯಿ ಆಡಿಸಿದಳು: ಮಗಳು, ಮಗಳು. ಅಪ್ಪ ಅವಳ ಬಾಯನ್ನೇ ನೋಡಿದ. ಆಮೇಲೆ ಮಗಳ ಮುಖವನ್ನು ನೋಡಿದ. ಅವನ ಕಣ್ಣಿನಲ್ಲಿ ಬೇಡ ಅನ್ನುವ ಹಟ ಇದ್ದಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. ಅಲ್ಲಿ ಏನೂ ಇರಲಿಲ್ಲ. ಇಟ್ಟ ವಸ್ತು ಇಟ್ಟಲ್ಲಿಲ್ಲದಾಗ ಮನುಷ್ಯ ಕಪಾಟಿನ ಮುಂದೆ ನಿಲ್ಲುವ ಹಾಗೆ ನಿಂತಿದ್ದ.

"ಏನೋ ಹೇಳ್ಬೇಕಿತ್ತು," ಅಂದ. "ಈ ಕುರ್ಚಿ... ಗಟ್ಟಿಯಾಗಿದೆ."

ಚೌಕಗಳಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನರ್ಸಮ್ಮ ತಟ್ಟಲಿಲ್ಲ.

ಅವಳೇ ಮುಂದೆ ಬಂದು ಹೇಳಬಹುದಿತ್ತು. ಎರಡು ಹೆಜ್ಜೆ, ಅಷ್ಟೇ. ಆದರೆ ಅವಳು ಹೇಳಿದರೆ ಅದು ಕಸಿದುಕೊಂಡ ಹಾಗೆ. ಅಪ್ಪ ಹೇಳಿದ್ದರೆ ಕೊಟ್ಟ ಹಾಗೆ. ಕಸಿದುಕೊಳ್ಳುವುದಕ್ಕೆ ಅವಳು ಹನ್ನೆರಡು ವರ್ಷ ಕಾದಿರಲಿಲ್ಲ. ಸ್ವಲ್ಪ ಹೊತ್ತಿಗೆ ನರ್ಸಮ್ಮನ ಮೆಸೇಜು ಬಂತು: "ಇರ್ಲಿ ಬಿಡಮ್ಮ. ನನಗೆ ಗೊತ್ತಾಯ್ತು. ಕುರ್ಚಿ ಬಹಳ ಚೆನ್ನಾಗಿ ಮಾಡಿದೀಯ." ಒಳ್ಳೆಯ ಮಾತು. ಓದಿ ಅವಳು ಅತ್ತಳು ಕೂಡ. ಆದರೆ ಆ ಮಾತು ಅವಳಿಗೆ ಬೇಕಿದ್ದ ಬಾಯಿಂದ ಬಂದದ್ದಲ್ಲ.

ನಾಲ್ಕು ದಿನ ಕಳೆದವು. ಅಪ್ಪ ಬೆಳಗ್ಗೆ ಅಂಗಡಿಗೆ ಬಂದು ಕೂರುತ್ತಿದ್ದ, ಉಳಿಗಳನ್ನು ಸಾಲಾಗಿ ಜೋಡಿಸುತ್ತಿದ್ದ, ಮತ್ತೆ ಕೆಡಿಸಿ ಜೋಡಿಸುತ್ತಿದ್ದ. ಗುರುವಾರ ಮಧ್ಯಾಹ್ನ ಅವನ ಮುಖ ಸ್ವಲ್ಪ ತಿಳಿಯಾಗಿತ್ತು. ಮರದ ಕಣ್ಣು ನೋಡಿ ಯಾವ ಹಲಗೆ ಬಾಗುತ್ತದೆ ಅಂತ ಸರಿಯಾಗಿ ಹೇಳಿದ. ಮಗಳಿಗೆ ಆಸೆ ಮತ್ತೆ ಚಿಗುರಿತು. ಕ್ಲಾಸಿನವರೆದುರು ಬೇಡ, ಅವರ ಹಂಗೇನು? ತನ್ನೊಬ್ಬಳಿಗೇ ಹೇಳಿದರೆ ಸಾಕು. ನೋಡಿದರೆ ನೆನಪಾಗಬಹುದು ಅಂದುಕೊಂಡು ರೆಕಾರ್ಡ್ ಮಾಡಿಟ್ಟಿದ್ದ ಎಂಟನೆಯ ವಾರದ ವಿಡಿಯೋ ಹಾಕಿ, ಫೋನನ್ನು ಅವನ ಮುಂದೆ ಬೆಂಚಿಗೆ ಒರಗಿಸಿದಳು. ಬೈಗುಳ, ನಗು ಎಲ್ಲ ಮುಗಿದು, ಬರೀ ಕೊಯ್ಯುವುದು ಉಳಿದಿದ್ದ ಜಾಗದಿಂದ.

ಪರದೆಯಲ್ಲಿ ಗರಗಸ ಗೆರೆಯ ಪಕ್ಕದಲ್ಲೇ ಇಳಿಯತೊಡಗಿತು. ಅಪ್ಪ ಮುಂದಕ್ಕೆ ಬಾಗಿದ. ಕನ್ನಡಕ ಸರಿಮಾಡಿಕೊಂಡ. ಉಸಿರನ್ನೂ ಬಿಗಿಹಿಡಿದಂತೆ ನೋಡಿದ. ಕೊಯ್ದ ತುಂಡು ಕಳಚಿ ಬಿದ್ದು, ಆ ಕೈಗಳು ನಾಲಿಗೆಯ ಮೇಲೆ ಹೆಬ್ಬೆರಳು ಆಡಿಸಿ ನಯ ನೋಡಿದಾಗ, ಅವನ ಬಾಯಿಂದ ಬಂತು:

"ಭೇಷ್."

ಅವಳು ಬೆಂಚಿನ ಅಂಚು ಹಿಡಿದುಕೊಂಡಳು.

"ನೋಡ್ದೇನೇ?" ಅಪ್ಪ ಅವಳ ಕಡೆ ತಿರುಗಿದ. ಅವನ ಮುಖ ಬೆಳಗುತ್ತಿತ್ತು. ಅಂಥ ಮುಖವನ್ನು ಅವಳು ನೋಡಿ ವರ್ಷಗಳಾಗಿದ್ದವು. "ಗೆರೆ ಹಾಗೇ ನಿಂತಿದೆ, ನೋಡು. ಒಂದು ಕಡೆ ಹೆಚ್ಚಿಲ್ಲ, ಒಂದು ಕಡೆ ಕಡಿಮೆ ಇಲ್ಲ. ಎಷ್ಟು ಜನರ ಕೆಲಸ ನೋಡಿದೀನಿ ನಾನು, ಇಂಥ ಕೈ ನೋಡಿಲ್ಲ. ಐವತ್ತು ವರ್ಷ ಪಳಗಿಸಿದ್ದಕ್ಕೆ ಬಂದಿರೋ ಕೈ ನನ್ನದು."

ಒಳಬಾಗಿಲಲ್ಲಿ ಟೀ ಹಿಡಿದು ನಿಂತಿದ್ದ ಅಮ್ಮ ಹಾಗೇ ನಿಂತಳು. "ಹೇಳ್ಬಿಡೇ," ಅಂದಳು, ಬಹಳ ಮೆತ್ತಗೆ.

"ಅಪ್ಪ," ಮಗಳು ಅಂದಳು, "ಅದು ನನ್ನ ಕೈ."

ಅಪ್ಪ ನಕ್ಕ. ಅವಳು ನಗಲಿಲ್ಲ. ಅವನು ಫೋನು ನೋಡಿದ, ಅವಳ ಕೈ ನೋಡಿದ, ಮತ್ತೆ ಫೋನು ನೋಡಿದ. ಆಮೇಲೆ ನಿಧಾನವಾಗಿ ತನ್ನ ತೊಡೆಯ ಮೇಲಿದ್ದ ಕೈಗಳನ್ನು ನೋಡತೊಡಗಿದ. ಅವು ಒಂದನ್ನೊಂದು ತಟ್ಟಿಕೊಳ್ಳುತ್ತ ನಡುಗುತ್ತಿದ್ದವು. ಅವು ಯಾರವೋ, ಯಾರು ತಂದು ತನ್ನ ತೊಡೆಯ ಮೇಲಿಟ್ಟರೋ ಅನ್ನುವಂತೆ ನೋಡಿದ. ಮುಖದ ಬೆಳಕೆಲ್ಲ ಆರಿಹೋಯಿತು.

"ಹಾಗಾದ್ರೆ," ಅಂದ, ಮಗುವಿನ ಹಾಗೆ ಹೆದರಿ, "ನನ್ನ ಕೈ ಎಲ್ಲಿ ಹೋಯ್ತು?"

ಅವಳು ಆ ಮುಖವನ್ನು ನೋಡಲಾರದೆ ಹೋದಳು. ಹನ್ನೆರಡು ವರ್ಷ ಕಾದದ್ದು ಆಗತಾನೇ ಕೈಗೆ ಬಂದಿತ್ತು. ಇಟ್ಟುಕೊಳ್ಳುವುದಕ್ಕೆ ಮನಸ್ಸು ಬರಲಿಲ್ಲ. ಮೊಣಕಾಲೂರಿ ಅವನ ಎರಡೂ ಕೈಯನ್ನು ತನ್ನ ಕೈಗಳಲ್ಲಿ ಬಿಗಿಯಾಗಿ ಹಿಡಿದಳು. ಹಿಡಿದಷ್ಟು ಹೊತ್ತು ಅವು ನಡುಗಲಿಲ್ಲ.

"ತಮಾಷೆಗೆ ಅಂದೆ ಅಪ್ಪ," ಅಂದಳು. "ನಿನ್ನ ಕೈಯೇ. ಬೇರೆ ಯಾರಿಗೆ ಬರುತ್ತೆ ಅಂಥ ಕೈ?"

ಅಪ್ಪನಿಗೆ ಹೋದ ಜೀವ ಬಂದಂತಾಯಿತು. ದೊಡ್ಡದಾಗಿ ಉಸಿರು ಬಿಟ್ಟ. ಆಮೇಲೆ ಅವಳ ಕೆಂಪಾದ ಕಣ್ಣು ನೋಡಿ, ತನಗೆ ತಿಳಿದಂತೆ ಅರ್ಥ ಮಾಡಿಕೊಂಡು, ಅವಳ ತಲೆಯ ಮೇಲೆ ಕೈಯಿಟ್ಟ.

"ಬೇಜಾರು ಮಾಡ್ಕೋಬೇಡ ಮಗಳೇ," ಅಂದ. "ನಿನಗೂ ಇಂಥ ಕೈ ಬರ್ಲಿ ಅಂತ ನನಗೆ ಬಹಳ ಆಸೆ ಇತ್ತು. ಬಾಯಿಬಿಟ್ಟು ಹೇಳ್ಲಿಲ್ಲ ಅಷ್ಟೇ. ಇನ್ನೂ ಟೈಮಿದೆ. ಅದನ್ನ ಇನ್ನೊಂದ್ಸಲ ಹಾಕು. ಇಲ್ಲಿ ಕೂತ್ಕೋ, ನೋಡಿ ಕಲಿ."

ಅವಳು ವಿಡಿಯೋವನ್ನು ಇನ್ನೊಮ್ಮೆ ಹಾಕಿ, ಅಪ್ಪನ ಪಕ್ಕದಲ್ಲಿ ಕೂತು ನೋಡಿದಳು.